ಬೆಳ್ಳಗಾದ ಎಮ್ಮೆ

ಬೀದರ
9 ಜನವರಿ 2024

ಬಾಣಂತನದಲ್ಲಿರುವ ಅಧ್ಯಕ್ಷೆ ವಿಶಾಖಾಗೆ ತರನ್ನುಮಳ ಸಲಾಂ, ಕೂಸಿಗೆ ಎರಡು ಮುತ್ತು.

ಫೋನಿನಲ್ಲಿ ಹೇಳಿದರೆ ನಿಮ್ಮವ್ವ ಸ್ಪೀಕರ್ ಹಚ್ಚಿ ಭಾಲ್ಕಿಗೆಲ್ಲ ಕೇಳಿಸುತ್ತಾರೆ, ಅದಕ್ಕೇ ಈ ಪತ್ರ. ನಿಮ್ಮ ಪಂಚಾಯಿತಿಯ ಲಾಂಛನ ಪಾಸಾಯಿತು! ಹೇಗೆ ಪಾಸಾಯಿತು ಎಂದು ಓದುತ್ತ ಜೋರಾಗಿ ನಗಬೇಡ, ಹೊಲಿಗೆ ಬಿಚ್ಚೀತು.

ಲಾಂಛನದ ತಟ್ಟೆ ಮಾಡುವ ಆ ಕೆಲಸವನ್ನು ನೀನು ಅಬ್ಬಾಗೆ ಕೊಡದೆ ನನಗೇ ಕೊಟ್ಟೆ. ಹತ್ತು ವರ್ಷದಿಂದ ನಾನು ಬೆಳ್ಳಿ ಕೂರಿಸಿ ಮಾಡಿದ ಬಿದ್ರಿ ಸಾಮಾನೆಲ್ಲ ಅವರ ಹೆಸರಿನಲ್ಲೇ ಹೋಗುತ್ತಿತ್ತು. ಈ ಸಲ ಅಬ್ಬಾ, ಊರವರು ಒಪ್ಪಿದರೆ ತಟ್ಟೆಯ ಹಿಂದೆ ನಿನ್ನ ಹೆಸರು ಕೆತ್ತು, ಒಪ್ಪದಿದ್ದರೆ ಮತ್ತೆ ಪಾಲಿಶ್ ಹೊಡೆಯುತ್ತ ಕೂಡು ಎಂದಿದ್ದರು.

ಚಿತ್ರ ನೀನೇ ಕೊಟ್ಟದ್ದು: ನಿಮ್ಮೂರಿನ ಹಿರಿಯಜ್ಜಿ ಕೇಶರಬಾಯಿಯ ಎಮ್ಮೆ, ಅದರ ಕಾಲಡಿ ನೀರು. ತಪ್ಪಿಸಿಕೊಂಡ ಎಮ್ಮೆ ಒದ್ದೆ ನೆಲ ಹುಡುಕಿ ಮಲಗಿದ್ದು, ಅಲ್ಲೇ ಅಗೆದಾಗ ನೀರು ಬಂದದ್ದು, ಎಲ್ಲ ಓಣಿಯವರೂ ಕೂಡಿ ಸೇದಿದ ನಿಮ್ಮೂರಿನ ಮೊದಲ ಬಾವಿ ಅದೇ ಆದದ್ದು, ಇದನ್ನೆಲ್ಲ ಕಾಲೇಜಿನಲ್ಲಿ ನೂರು ಸಲ ಹೇಳಿ ನನ್ನ ತಲೆ ತಿಂದಿದ್ದೆ.

ನಾನೋ, ಹೂವು ಬಳ್ಳಿ ಮಾಡಿ ಮಾಡಿ ಬಂದ ರೂಢಿಯಲ್ಲಿ ಎಮ್ಮೆಯ ಮೈತುಂಬ ಬೆಳ್ಳಿ ಕೂರಿಸಿಬಿಟ್ಟೆ. ಕೋಟೆಯ ಮಣ್ಣು ಕುದಿಸಿದ ನೀರಿನಲ್ಲಿ ಅದ್ದಿ ತೆಗೆದರೆ ತಟ್ಟೆಯೆಲ್ಲ ಕಪ್ಪಾಯಿತು, ಬೆಳ್ಳಿ ಮಾತ್ರ ಹಾಗೇ ಉಳಿಯಿತು. ಯಾ ಅಲ್ಲಾ! ಕರಿ ಎಮ್ಮೆ ಹಾಲಿನಂತೆ ಬೆಳ್ಳಗೆ ನಿಂತಿತ್ತು. ಸುತ್ತಲೂ ಬೆಳ್ಳಿ ಹಾಕಿ ಎಮ್ಮೆಯನ್ನೇ ಖಾಲಿ ಬಿಡಬೇಕಿತ್ತು. ಮರುದಿನವೇ ಗ್ರಾಮಸಭೆ, ಇನ್ನೊಂದು ಮಾಡಲು ಸಮಯವೆಲ್ಲಿ?

ಸಭೆಯಲ್ಲಿ ಬಟ್ಟೆ ಸರಿಸಿದೆ. ನಿಮ್ಮ ಉಪಾಧ್ಯಕ್ಷ ಪಂಢರಿ ಕಾಕಾ, "ಇದ್ಯಾವ ಎಮ್ಮಿರಿ? ಪೌಡರ್ ಹಚ್ಕೊಂಡು ಮದಿವಿಗಿ ಹೊಂಟಾದ!" ಎಂದರು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಯಾರೋ ವಾಪಸ್ ಕಳಿಸಿರಿ ಎಂದರು. ನಾನು ತಟ್ಟೆಯ ಮೇಲೆ ಮತ್ತೆ ಬಟ್ಟೆ ಎಳೆಯಹೊರಟೆ.

ಆಗ ಕೇಶರಬಾಯಿ ಎದ್ದು ನಿಂತು ಗದರಿದರು. "ಯಾಕ ನಗ್ತೀರಿ? ಆ ದಿನ ನಮ್ಮ ಎಮ್ಮಿ ಬಿಳಿ ಮಣ್ಣಾಗ ಹೊಳ್ಳಾಡಿ ಹಿಂಗೇ ಬೆಳ್ಳಗಾಗಿ ಬಂದಿತ್ತು. ಯಾರದೋ ಆಕಳ ಅಂತ ನಾನೇ ಬಡಿಗಿ ತಗೊಂಡು ಓಡಿಸೀನಿ. ಈ ಹುಡುಗಿ ಖರೇನೇ ಮಾಡ್ಯಾಳ!"

ಪಂಢರಿ ಕಾಕಾ ತಲೆ ಕೆರೆದುಕೊಂಡು, ಹೌದು ಹೌದು, ನನಗೂ ನೆನಪದ ಎಂದರು. ಆಮೇಲೆ ನೋಡು, ಒಬ್ಬೊಬ್ಬರಾಗಿ ಎಲ್ಲರಿಗೂ ನೆನಪಾಯಿತು. ಕೈಗಳೆಲ್ಲ ಮೇಲೆದ್ದವು.

ಹೆಸರು ಕೆತ್ತಲೆಂದು ತಟ್ಟೆಯನ್ನು ತಿರುಗಿ ತಂದಿದ್ದೇನೆ. ಇವತ್ತು ಬೆಳಿಗ್ಗೆ ಅಬ್ಬಾ ತಮ್ಮ ಉಳಿಯನ್ನೇ ನನ್ನ ಕೈಗೆ ಕೊಟ್ಟರು. ಅವಸರದಲ್ಲಿ ಒಂದು ಅಕ್ಷರ ಸೊಟ್ಟಗಾಯಿತು, ಆದರೂ ನನಗೆ ಖುಷಿಯೋ ಖುಷಿ.

ಈಗ ಹೆಸರುಳ್ಳವಳಾದ ನಿನ್ನ ಗೆಳತಿ,
ತರನ್ನುಮ

ತಾ.ಕ.: ಬಸ್ ಹತ್ತುವ ಮೊದಲು ಕೇಶರಬಾಯಿಯವರಿಗೆ, ಆ ಬಿಳಿ ಮಣ್ಣು ಒಂದು ಹಿಡಿ ಕೊಡಿರಿ, ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ನನ್ನ ಕೆನ್ನೆ ಹಿಂಡಿ, "ಹುಚ್ಚಿ, ನಮ್ಮೂರಾಗ ಇರೋದೆಲ್ಲ ಕರಿ ಮಣ್ಣೇ. ಅದು ಸಭಾದಾಗ ಕೂತವ್ರಿಗೆಲ್ಲ ಗೊತ್ತದ," ಎಂದರು.