ಸ್ವಾತಿಯ ಕೆಳಗಿನ ಗೆರೆ

ಅಪ್ಪ,

ಇವತ್ತು ಬೆಳಿಗ್ಗೆ ಚೆನ್ನೈಯಿಂದ ಅನು ಫೋನ್ ಮಾಡಿದ್ದಳು. ಡಿಸೆಂಬರ್ ಬಂದರೂ ಅಲ್ಲಿ ಎರಡು ದಿನದಿಂದ ಮಳೆ. ನಿನ್ನ ಚಿಕ್ಕ ಮಗಳು ಮಗುವನ್ನೆತ್ತಿಕೊಂಡು ಅಡುಗೆಮನೆ ಕಟ್ಟೆಯ ಮೇಲೆ ಕೂತಿದ್ದಾಳೆ. ಮಂಚ ಮುಳುಗಿದೆ.

"ಸಮುದ್ರನೇ ಉಕ್ಕಿದೆಯಂತೆ ಅಕ್ಕ, ಊರಿನ ನೀರು ಹೋಗೋಕೆ ಜಾಗನೇ ಇಲ್ಲ," ಎಂದಳು.

ಆ ಮನೆ ತಗ್ಗಿನಲ್ಲಿದೆ ಎಂದು ಅವಳು ಅಲ್ಲಿಗೆ ಹೋಗುವ ಮೊದಲೇ ಅಳುಕಿದ್ದಳು. ನೀನು, "ನವೆಂಬರಲ್ಲಿ ಸ್ವಾತಿ ಮಳೆ ದಾಟಿದ್ರೆ ಭಯ ಇಲ್ಲ ಕಣವ್ವ, ನಲವತ್ತು ವರ್ಷದಿಂದ ಕ್ಯಾಲೆಂಡರಲ್ಲಿ ಬರ್ದಿಟ್ಟಿದೀನಿ," ಎಂದಿದ್ದೆ. ನೀನು ಬರೆದಿಟ್ಟದ್ದು ನಮ್ಮೂರಿನ ರಾಗಿ ಹೊಲದ ಮಳೆ. ಕಡಲ ಪಕ್ಕದ ಊರಿನದಲ್ಲ. ಸಮುದ್ರ ವರ್ಷದಿಂದ ವರ್ಷಕ್ಕೆ ಬಿಸಿಯಾಗಿ ಏರುತ್ತಿದೆ, ಹಳೆಯ ಮಳೆಗಾಲವನ್ನು ಇನ್ನು ನಂಬುವಂತಿಲ್ಲ ಎಂದು ಪೇಪರಿನಲ್ಲಿ ಆಗಲೇ ಓದಿದ್ದೆ. ನಿನ್ನ ಮುಂದೆ ಹೇಳಲಿಲ್ಲ. "ಅಪ್ಪನ ಲೆಕ್ಕ ತಪ್ಪಲ್ಲ ಕಣೇ," ಎಂದು ಅವಳ ಬಾಯಿಯನ್ನೇ ಮುಚ್ಚಿಸಿದೆ.

ಇವತ್ತೂ ಅವಳು ಕೇಳಿದ್ದು ಅದನ್ನೇ. "ಅಪ್ಪನ ಕ್ಯಾಲೆಂಡರ್ ನೋಡಿ ಹೇಳೇ, ಯಾವಾಗ ನಿಲ್ಲುತ್ತೆ?"

ನೀನು ತೀರಿಕೊಂಡ ಮೇಲೆ ಎತ್ತಿಟ್ಟ ಕ್ಯಾಲೆಂಡರುಗಳ ಪೆಟ್ಟಿಗೆ ತೆಗೆದು ನೋಡಿದೆ. ಪ್ರತಿ ವರ್ಷವೂ ಸ್ವಾತಿಯ ಕೆಳಗೆ ಗೆರೆ ಎಳೆದಿದ್ದೀಯ. ಅಲ್ಲಿಂದಾಚೆಗೆ ಏನೂ ಇಲ್ಲ. ಅವಳ ದನಿ ನಡುಗುತ್ತಿತ್ತು, ಅದಕ್ಕೇ, "ಸಂಜೆಗೆ ನಿಲ್ಲುತ್ತೆ ಅಂತ ಬರ್ದಿದೆ ಕಣೇ," ಎಂದುಬಿಟ್ಟೆ.

"ಅಪ್ಪ ಬರ್ದಿದ್ರೆ ಸರಿ," ಎಂದು ನಕ್ಕಳು. "ಹಾಗಾದ್ರೆ ದೋಣಿಯೋರು ಬಂದ್ರೆ, ಮೊದಲು ಪಕ್ಕದ ಮನೆಯೋರನ್ನ ಕರ್ಕೊಂಡೋಗಿ ಅಂತೀನಿ."

ಆಮೇಲಿಂದ ಅವಳ ಫೋನಿಗೆ ಕರೆ ಹೋಗುತ್ತಿಲ್ಲ, ಅಪ್ಪ.