ಎಂಟು ಬೆರಳಿನ ಮಂಚ

ನವೆಂಬರ್ 4, ಸೋಮವಾರ, ಸಂಜೆ

ಡ್ಯೂಟಿ ಮುಗಿಸಿ ಬಂದೆ. ಕಾಲು ಬಿದ್ದುಹೋಗುತ್ತಿದೆ. ಮಳೆ ಶುರುವಾಯಿತಲ್ಲ, ಎಲ್ಲರೂ ಬರಿಗಾಲಲ್ಲಿ ಗದ್ದೆಗಿಳಿದಿದ್ದಾರೆ. ವಾರ್ಡಿಗೆ ಇವತ್ತು ಹಾವು ಕಚ್ಚಿದವರು ಮೂವರು.

ಒಬ್ಬನಿಗೆ ಕೊಳಕುಮಂಡಲ. ಕಾಲು ಕುಂಬಳಕಾಯಿ ಆಗಿದೆ, ಪ್ರತಿವಿಷ ಕೊಟ್ಟಾಯಿತು, ಉಳಿಯುತ್ತಾನೆ. ಇನ್ನೊಬ್ಬ ಮುದುಕ ಹಾವನ್ನು ಕೊಂದು ಹಾಲುಪುಡಿ ಡಬ್ಬದಲ್ಲಿ ಹಾಕಿಕೊಂಡು ಬಂದಿದ್ದ. ಕಟ್ಟುಹಾವು ನರ್ಸಮ್ಮಾ, ನಾನಿನ್ನು ಹೋದೆ ಎಂದು ಅಳು. ಮುಚ್ಚಳ ತೆಗೆದರೆ ತೋಳದ ಹಾವು! ಮೈಮೇಲೆ ಅಂಥದೇ ಬಿಳಿ ಪಟ್ಟೆ, ವಿಷ ಒಂದು ಹನಿಯೂ ಇಲ್ಲ. ಗೋಡೆಯ ಚಾರ್ಟಿನ ಮುಂದೆ ನಿಲ್ಲಿಸಿ ತೋರಿಸಿದೆ. ನಮ್ಮ ದ್ವೀಪದಲ್ಲಿ ನೂರು ಬಗೆ ಹಾವಿದೆ ಅಜ್ಜಾ, ಜೀವ ತೆಗೆಯುವಂಥವನ್ನು ಎಣಿಸಲು ಕೈಬೆರಳು ಸಾಕು, ನೀವು ಪಾಪದ್ದನ್ನು ಕೊಂದಿರಿ ಎಂದೆ. ಸಾಯುವುದಿಲ್ಲ ಎಂದು ಗೊತ್ತಾದದ್ದೇ ತಡ, ಚಹಾ ಕೇಳಿದ.

ಮೂರನೆಯವಳು ನನ್ನ ವಯಸ್ಸಿನ ಹೆಂಗಸು. ಹಾವು ಕಂಡಿಲ್ಲ, ಗಾಯ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದಳಂತೆ, ಕಷಾಯ ಕುಡಿಸಿ ಮತ್ತೆ ಮಲಗಿಸಿದರಂತೆ. ಮಧ್ಯಾಹ್ನ ಕರೆತಂದಾಗ ಕಣ್ಣುರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುವವಳು. ಇದು ನಿಜವಾದ ಕಟ್ಟುಹಾವು. ನಿದ್ದೆಯಲ್ಲಿ ಕಚ್ಚಿದರೆ ಗೊತ್ತೇ ಆಗುವುದಿಲ್ಲ, ಹಾಳಾದ್ದು. ಉಸಿರಾಡಿಸುವ ಮಶೀನ್ ಇರುವ ದೊಡ್ಡಾಸ್ಪತ್ರೆಗೆ ಕಳಿಸಿದೆವು.

ನವೆಂಬರ್ 6

ಆ ಹೆಂಗಸು ಹೋದಳಂತೆ. ಊಟ ಸೇರಲಿಲ್ಲ. ನಾಲ್ಕು ತಾಸು ಮೊದಲೇ ತಂದಿದ್ದರೆ...

ನವೆಂಬರ್ 12, ಹುಣ್ಣಿಮೆ

ಪೋಯ ದಿನ, ರಜೆ. ರಜೆ ಅಂತೆ ರಜೆ. ದಿನವಿಡೀ ಅತ್ತೆಯ ಜೊತೆ ಜಗಳ.

ಬೆಳಿಗ್ಗೆಯೇ ಬಿಳಿ ಸೀರೆ ಉಟ್ಟು ಬೌದ್ಧ ವಿಹಾರಕ್ಕೆ ಹೋಗಿ ಒಂದು ದಿನದ ಅಷ್ಟಶೀಲ ವ್ರತ ತೆಗೆದುಕೊಂಡರು. ಎಂಟನೆಯ ಶೀಲ — ಎತ್ತರದ ಮಂಚ, ಸುಖದ ಹಾಸಿಗೆ ಕೂಡದು. ಆದ್ದರಿಂದ ಈ ರಾತ್ರಿ ಅತ್ತೆ ಚಾಪೆ ಹಿಡಿದು ನಡುಮನೆಯ ನೆಲಕ್ಕೆ. ಪ್ರತಿ ಹುಣ್ಣಿಮೆಗೂ ಇದೇ. ಮಳೆಗಾಲದಲ್ಲಿ, ಕಟ್ಟುಹಾವು ಒಣ ಜಾಗ ಹುಡುಕಿಕೊಂಡು ಮನೆಯೊಳಗೆ ಬರುವ ತಿಂಗಳಲ್ಲಿ!

ಆ ಹೆಂಗಸಿನ ಕಥೆ ಹೇಳಿದೆ. ಗೋಡೆಗೆ ಹೇಳಿದ ಹಾಗೆ. ಮಾವ ಸುತ್ತ ಏಳು ಊರಿಗೆ ಹಾವಿನ ವೈದ್ಯರಾಗಿದ್ದವರು, ತೀರಿಕೊಂಡು ಆರು ವರ್ಷ. ಅವರ ಹೆಂಡತಿಗೆ ಹಾವಿನ ಪಾಠ ಹೇಳಲು ನಾನ್ಯಾರು?

"ಈ ಮನೆಯವರನ್ನ ಹಾವು ಮುಟ್ಟಲ್ಲ ಮಗಳೇ. ನಿಮ್ಮ ಮಾವ ಎಷ್ಟು ಜನರ ವಿಷ ಇಳಿಸಿದಾರೆ, ಎಣಿಸಿದೀಯಾ?"

ಹಾವಿಗೆ ಅದು ಗೊತ್ತಿದೆಯಾ ಎಂದು ಕೇಳಿದೆ. ಚಾಪೆ ಬಿಚ್ಚತೊಡಗಿದರು. ನನ್ನ ಗಂಡ ತಿಲಕಸಿರಿ ಎಂದಿನಂತೆ ಅಮ್ಮ ಹೇಳಿದ್ದಕ್ಕೂ ಹೂಂ, ನಾನು ಹೇಳಿದ್ದಕ್ಕೂ ಹೂಂ.

ನವೆಂಬರ್ 13

ಡ್ಯೂಟಿಗೆ ಹೋಗುವ ದಾರಿಯಲ್ಲಿ ವಿಹಾರಕ್ಕೆ ಹೊಕ್ಕು ಹಿರಿಯ ಭಿಕ್ಷು, ನಮ್ಮ ಹಾಮುದುರುಗಳ ಹತ್ತಿರ ದೂರು ಕೊಟ್ಟೆ. ನಕ್ಕರು. ಮಂಚವೇ ಕೂಡದು ಎಂದು ಯಾರು ಹೇಳಿದ್ದು, ಮಂಚದ ಕಾಲು ಎಂಟು ಬೆರಳಿನಷ್ಟೇ ಎತ್ತರ ಇದ್ದರೆ ನಮ್ಮಂಥ ಭಿಕ್ಷುಗಳೇ ಮಲಗಬಹುದು, ನಿಮ್ಮತ್ತೆಯ ಹತ್ತಿ ಹಾಸಿಗೆಯನ್ನು ಈ ವಿಹಾರದ ನಾಯಿ ಕೂಡ ಸುಖದ ಹಾಸಿಗೆ ಎನ್ನುವುದಿಲ್ಲ ಎಂದರು. ಬಂದು ವರದಿ ಒಪ್ಪಿಸಿದೆ. ಹಾಮುದುರುಗಳದು ದೊಡ್ಡ ಮನಸ್ಸು, ನನ್ನ ತಾಯಿ ನೆಲದಲ್ಲೇ ಮಲಗುತ್ತಿದ್ದಳು ಎಂದರು ಅತ್ತೆ. ಮುಗಿಯಿತು.

ಕೊನೆಗೆ ಸೊಳ್ಳೆಪರದೆಗೆ ಒಪ್ಪಿದರು. ಹಾವಿಗಲ್ಲ, ಡೆಂಗೀಗೆ! ಪರದೆಯ ಅಂಚನ್ನು ಸುತ್ತಲೂ ಚಾಪೆಯ ಅಡಿಗೆ ಸಿಕ್ಕಿಸುವುದು ನನ್ನ ಕೆಲಸ. ಆಗಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಡಿಸೆಂಬರ್ 2

ಇಷ್ಟು ದಿನ ಬರೆಯಲು ಪುರಸೊತ್ತಿಲ್ಲ. ವಾರ್ಡು ತುಂಬಿ ವರಾಂಡದಲ್ಲೂ ಮಂಚ.

ಇವತ್ತು ಹಿತ್ತಲ ಸೌದೆ ರಾಶಿಯಲ್ಲಿ ನಾಗರಹಾವು. ಹೆಡೆ ಎತ್ತಿತ್ತು. ನಾನು ಅಡುಗೆಮನೆಯ ಕಟ್ಟೆ ಹತ್ತಿ ನಿಂತೆ. ಅತ್ತೆ ದೂರದಿಂದಲೇ ಕೈಮುಗಿದು, ಹೋಗಪ್ಪಾ, ಮಕ್ಕಳು ಮರಿ ಓಡಾಡೋ ಜಾಗ ಎಂದು ನಂಟರನ್ನು ಬೀಳ್ಕೊಟ್ಟ ಹಾಗೆ ಹೇಳಿದರು. ಹೋಯಿತು. ಆಮೇಲೆ ನನ್ನನ್ನು ನೋಡಿ ಒಂದು ನಗು. ನೂರಾರು ಹಾವು ಕಡಿತಕ್ಕೆ ಇಂಜೆಕ್ಷನ್ ಕೊಟ್ಟವಳು ಕಟ್ಟೆ ಹತ್ತುತ್ತಾಳೆ ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಸಾರಿದ್ದಾರೆ.

ಡಿಸೆಂಬರ್ 11, ಹುಣ್ಣಿಮೆ, ರಾತ್ರಿ 8.30

ಮತ್ತೆ ಪೋಯ. ಮಳೆ ಬಿಟ್ಟಿಲ್ಲ. ಕೆರೆ ತುಂಬುತ್ತಿದೆ, ತಿಲಕಸಿರಿಗೆ ತೂಬಿನ ಹತ್ತಿರ ರಾತ್ರಿ ಡ್ಯೂಟಿ. ಮನೆಯಲ್ಲಿ ಅತ್ತೆ, ನಾನು. ಕರೆಂಟೂ ಇಲ್ಲ.

ಅತ್ತೆ ಮಧ್ಯಾಹ್ನದ ಮೇಲೆ ಅನ್ನ ಮುಟ್ಟುವುದಿಲ್ಲ, ಬರೀ ಶುಂಠಿ ಕೊತ್ತಂಬರಿ ನೀರು. ನಾನು ಮರಗೆಣಸಿನ ಪಲ್ಯ ಗಟ್ಟಿಯಾಗಿ ತಿಂದೆ, ಚಳಿಗೆ ಅವರ ಶುಂಠಿ ನೀರನ್ನೂ ಒಂದು ಲೋಟ ಕುಡಿದೆ. ಮರಗೆಣಸಿನ ಮೇಲೆ ಶುಂಠಿಯಾ, ವಿಷ ಕಣೇ ಎಂದು ಕೂಗಿದರು. ಎಲ್ಲರೂ ಹಾಗೇ ಹೇಳುತ್ತಾರೆ, ನನಗಂತೂ ಇಷ್ಟು ವರ್ಷ ಏನೂ ಆಗಿಲ್ಲ.

ಪರದೆ ಸಿಕ್ಕಿಸಿದೆ. ಒಂದು ಮೂಲೆ ಹರಿದಿದೆ, ಒಂದು ಗೇಣು. ಪಿನ್ನು ಸಾಲದು. ಸುಮ್ಮನೆ ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ಆ ಮೂಲೆಗೇ ದಿಂಬು ಹಾಕಿಕೊಂಡು ಟಾರ್ಚ್ ಹಿಡಿದು ಕೂತಿದ್ದೇನೆ. ಅವರಿಗೆ ನಿದ್ದೆ ಹತ್ತಲಿ, ಎದ್ದು ಹೋಗುತ್ತೇನೆ. ಸಿಮೆಂಟು ತಣ್ಣಗಿದೆ, ಐದು ನಿಮಿಷ ಬೆನ್ನು ಚಾಚಿದರೆ ಸಾಕು.

ಡಿಸೆಂಬರ್ 12, ಬೆಳಗಿನ ಜಾವ 4.50

ಇಲ್ಲೇ ನಿದ್ದೆ ಹೋಗಿಬಿಟ್ಟಿದ್ದೆ. ಹೊಟ್ಟೆ ಹಿಂಡುತ್ತಿದೆ. ಮರಗೆಣಸು, ಶುಂಠಿ... ಅತ್ತೆ ಹೇಳಿದ್ದೇ ಸರಿಯಾಯಿತು, ಇನ್ನು ಒಂದು ವರ್ಷ ಇದನ್ನೇ ಆಡಿಕೊಳ್ಳುತ್ತಾರೆ. ಯಾವಾಗಲೋ ಮೊಣಕೈಗೆ ಇರುವೆ ಕಚ್ಚಿದ ನೆನಪು. ನೋಡಿದೆ, ಏನಿಲ್ಲ.

5.20

ವಾಂತಿ ಆಯಿತು. ನೋವು ಹೆಚ್ಚು. ಅತ್ತೆ ಎದ್ದು ಪ್ರಾರ್ಥನೆ ಮಾಡುತ್ತಿದ್ದಾರೆ, ಹೇಳಲಿಲ್ಲ. ದೀಪ ಮಂದ. ಅಕ್ಷರ ಎರಡೆರಡು ಕಾಣ್ತಿದೆ. ನಿದ್ದೆಗಣ್ಣು. ಕಣ್ಣು ಬಿಡೋಕೇ ಆಗ್ತಿಲ್ಲ ಇನ್ನೊಂಚೂರು ಮಲಗಿ

ಡಿಸೆಂಬರ್ 20, ದೊಡ್ಡಾಸ್ಪತ್ರೆ

ಬದುಕಿದ್ದೇನೆ.

ಪೆನ್ನು ಹಿಡಿತಕ್ಕೆ ಸಿಗುತ್ತಿಲ್ಲ. ಗಂಟಲಲ್ಲಿ ನಳಿಕೆ ಇದ್ದ ನೋವು. ಆದರೂ ಪುಸ್ತಕ ತರಿಸಿಕೊಂಡೆ. ಮೇಲಿನ ಎರಡು ಬರಹ ಓದಿದೆ. ಛೆ! ಹೊಟ್ಟೆನೋವು, ಎರಡೆರಡು ಅಕ್ಷರ, ರೆಪ್ಪೆ ಭಾರ. ವಾರ್ಡಿನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಕಟ್ಟುಹಾವು ಎನ್ನುತ್ತಿದ್ದೆ. ನನಗೆ ಬಂದಾಗ ಶುಂಠಿ! ನೆಲದ ಮೇಲೆ ಮಲಗಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ಬರೀ ನೆಲದ ಮೇಲೆ ಮಲಗಿದ್ದು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ನಾಲ್ಕು ದಿನ ಮಶೀನ್ ನನ್ನ ಉಸಿರು ಆಡಿತಂತೆ. ಎಲ್ಲ ಕೇಳಿಸುತ್ತಿತ್ತು, ಬೆರಳು ಆಡಿಸಲು ಆಗುತ್ತಿರಲಿಲ್ಲ. ಸತ್ತಿದ್ದಾಳೆ ಎಂದುಕೊಂಡು ಮಶೀನ್ ನಿಲ್ಲಿಸಿಬಿಟ್ಟರೆ ಎಂದು ಭಯವಾಗಿತ್ತು. ತುಂಬಾ ಭಯವಾಗಿತ್ತು.

ಡಿಸೆಂಬರ್ 21

ನಡೆದದ್ದು ಬರೆದಿಡಬೇಕು.

ಪ್ರಾರ್ಥನೆ ಮುಗಿಸಿ ಅತ್ತೆ ನನ್ನನ್ನು ಎಬ್ಬಿಸಲು ಬಂದರು. ಅಷ್ಟು ನೆನಪಿದೆ. ದೀಪ ತಂದು ಮುಖದ ಹತ್ತಿರ ಹಿಡಿದರು. ಗಲ್ಲ ಹಿಡಿದೆತ್ತಿ ಮೇಲೆ ನೋಡು ಎಂದರು. ನೋಡಿದೆ ಎಂದುಕೊಂಡೆ. ರೆಪ್ಪೆ ಏಳಲಿಲ್ಲವಂತೆ.

"ಎದ್ದೇಳು. ಆಸ್ಪತ್ರೆಗೆ."

ಮರಗೆಣಸು ಅಮ್ಮಾ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಎಂದೆನಂತೆ, ತೊದಲುತ್ತ. ಅದಕ್ಕೆ ಅವರು ಹೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

"ಮರಗೆಣಸು ಕಣ್ಣು ಮುಚ್ಚಿಸಲ್ಲ. ನಲವತ್ತು ವರ್ಷ ಇಂಥ ಕಣ್ಣುಗಳ ಮುಂದೆ ದೀಪ ಹಿಡಿದು ನಿಂತವಳು ನಾನು. ಏಳು!"

ಮಳೆಯಲ್ಲಿ ಬರಿಗಾಲಲ್ಲಿ ಓಡಿ ಪಕ್ಕದ ಮನೆಯ ಪಿಯಸೇನನನ್ನು ಎಬ್ಬಿಸಿ ಅವನ ತ್ರೀವೀಲ್ ಆಟೋ ತಂದರು. ಅತ್ತೆಗೆ ಎಪ್ಪತ್ತೊಂದು ವರ್ಷ. ಮಾವನ ಹಳೆಯ ಶಿಷ್ಯ, ಈಗಿನ ಹಾವಿನ ವೈದ್ಯನ ಮನೆಗೆ ತಿರುಗಿಸಲೇ ಎಂದು ಪಿಯಸೇನ ಕೇಳಿದನಂತೆ, ಅದು ಹತ್ತಿರ. ಅಲ್ಲಿಗೆ ತಿರುಗಿಸಿದರೆ ನಿನ್ನ ಕೈ ಮುರೀತೀನಿ ಅಂದರಂತೆ! ನಮ್ಮ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರು ಸಣ್ಣದಾಗಿತ್ತು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ದಾರಿಯಲ್ಲೇ ಎಂದರು ಡಾಕ್ಟರ್.

ಡ್ಯೂಟಿಯಿಂದ ಬಂದ ತಿಲಕಸಿರಿ ನನ್ನ ದಿಂಬು ಎತ್ತಿದಾಗ ಅಡಿಯಲ್ಲಿ ಹಾವು ಸುರುಳಿ ಸುತ್ತಿಕೊಂಡಿತ್ತಂತೆ. ಕಪ್ಪು, ತೆಳು ಬಿಳಿ ಪಟ್ಟೆ. ಕೋಲು ಎತ್ತಿದವನು ಅಮ್ಮನಿಗೆ ಫೋನ್ ಮಾಡಿದ. ನನ್ನ ಶೀಲ ಇನ್ನೂ ಮುಗಿದಿಲ್ಲ, ಕೊಲ್ಲಬೇಡ ಎಂದರಂತೆ. ಬಕೆಟ್ ಕವುಚಿ, ವನ್ಯಜೀವಿ ಇಲಾಖೆಯವರನ್ನು ಕರೆಸಿ ಸಾಗಿಸಿದ. ಕೇಳಿ ಮೊದಲು ಸಿಟ್ಟು ಬಂತು. ಆಮೇಲೆ ನಗು. ಗಂಟಲು ನೋವಾಯಿತು.

ಡಿಸೆಂಬರ್ 23

ಅತ್ತೆ ಬಂದಿದ್ದರು. ಇನ್ನೂ ಬಿಳಿ ಸೀರೆ. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಮುಗಿಸಬೇಕಾದ ಶೀಲವನ್ನು ಮುಗಿಸಲೇ ಇಲ್ಲವಂತೆ. ನಾನು ಸ್ವಂತ ಉಸಿರು ಆಡುವ ತನಕ ವರಾಂಡದ ಬೆಂಚಿನಲ್ಲಿ ಕೂತೇ ಇದ್ದರು, ಮಧ್ಯಾಹ್ನದ ಮೇಲೆ ಏನೂ ತಿನ್ನಲಿಲ್ಲ ಎಂದು ಇಲ್ಲಿನ ನರ್ಸ್ ಹೇಳಿದಳು. ಮುಖ ಇಳಿದುಹೋಗಿದೆ.

ಕೇಳಿಯೇಬಿಟ್ಟೆ. ಅಮ್ಮಾ, ಶಿಷ್ಯನ ಮನೆಗೆ ಯಾಕೆ ಬೇಡ ಅಂದಿರಿ?

ಬಾಗಿಲ ಕಡೆ ನೋಡಿ ಸ್ಟೂಲನ್ನು ಹತ್ತಿರ ಎಳೆದುಕೊಂಡರು. ನಂತರ ಹೇಳಿದರು, ತಿಲಕಸಿರಿ ಹುಟ್ಟುವ ಮೊದಲು ಒಬ್ಬ ಎಳೆ ಬಾಣಂತಿಯನ್ನು ಹೊಟ್ಟೆನೋವೆಂದು ತಂದಿದ್ದರಂತೆ. ಮಾವ ಔಷಧ ಅರೆದು ಕೊಟ್ಟರಂತೆ. ಮಧ್ಯಾಹ್ನ ರೆಪ್ಪೆ ಇಳಿಯಿತು, ಸಂಜೆಗೆ ಹೋದಳು. ದೀಪ ಹಿಡಿದವರು ಅತ್ತೆ. ಆವತ್ತಿಂದ ಮಾವ ರೆಪ್ಪೆ ಇಳಿದವರನ್ನು ಮುಟ್ಟುತ್ತಿರಲಿಲ್ಲ. ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸುತ್ತಿದ್ದರು. ಊರಿಗೆ ಗೊತ್ತಾಗದ ಹಾಗೆ.

"ಹೊರಗೆ ಹೇಳಬೇಡ ಅಂದಿದ್ರು. ಹೇಳಲಿಲ್ಲ. ನಿನಗಾದ್ರೂ ಹೇಳಬೇಕಿತ್ತು. ನೀನು ಹೇಳ್ತಿದ್ದದ್ದೆಲ್ಲ ಅವರೂ ಹೇಳ್ತಿದ್ದದ್ದೇ ಮಗಳೇ. ಸೊಸೆ ಬಾಯಲ್ಲಿ ಕೇಳೋಕೆ ನನಗೇ ಆಗ್ಲಿಲ್ಲ. ನನ್ನ ಹಠಕ್ಕೆ ನೀನು ಆ ಮೂಲೇಲಿ ಬಂದು ಮಲಗಿದೆ."

ಅತ್ತರು. ನನಗೂ ಅಳು ಬಂತು. ಪಕ್ಕದ ಬೆಡ್ಡಿನ ಅಜ್ಜಿ ಯಾರು ಸತ್ತದ್ದು ಎಂದು ಕೇಳಿದಳು. ಯಾರೂ ಇಲ್ಲ ಅಜ್ಜಿ, ಯಾರೂ ಸಾಯಲಿಲ್ಲ ಎಂದೆ. ಹೇಳುವಾಗ ಮೈ ಹಗುರಾಯಿತು.

ಡಿಸೆಂಬರ್ 27, ಮನೆ

ಅತ್ತೆ ತೆಂಗಿನಹಾಲಿನ ಅನ್ನ, ಕಿರಿಬತ್ ಮಾಡಿದ್ದಾರೆ. ಎಲೆ ತುಂಬ ತಿಂದೆ. ಹಿತ್ತಲ ಸೌದೆ ರಾಶಿ ಬೇಲಿಯ ಆಚೆ ಹೋಗಿದೆ. ಬಾಗಿಲಡಿಯ ಸಂದಿಗೆ ಸಿಮೆಂಟು. ಪ್ರತಿ ಕೋಣೆಯಲ್ಲೂ ಮೊಳೆಗೆ ಒಂದೊಂದು ಟಾರ್ಚ್. ಅಬ್ಬಾ, ನನ್ನ ಮನೆ.

ಜನವರಿ 9

ಬೆಳಿಗ್ಗೆಯಿಂದ ಗರಗಸದ ಸದ್ದು. ನಾಳೆ ಪೋಯ. ಅತ್ತೆ ತಮ್ಮ ಮಂಚವನ್ನು ಅಂಗಳಕ್ಕೆ ಎಳೆಸಿ ತಿಲಕಸಿರಿಯ ಕೈಯಲ್ಲಿ ಕಾಲು ಕೊಯ್ಯಿಸುತ್ತಿದ್ದಾರೆ. ಎಂಟು ಬೆರಳು. ಯಾರ ಬೆರಳು ಎಂದು ಅವನು ಕೇಳಿದ. ಹಾಮುದುರುಗಳನ್ನು ಕೇಳಿಕೊಂಡೇ ಬಂದಿದ್ದರು, ಬುದ್ಧನ ಬೆರಳಂತೆ, ನಮ್ಮದಕ್ಕಿಂತ ದೊಡ್ಡದಂತೆ. ಧಾರಾಳವಾಗಿ ಕೊಯ್ಯಿ ಎಂದರು. ಮೂರು ಕಾಲು ಸರಿ, ನಾಲ್ಕನೆಯದು ಗಿಡ್ಡ. ಮಂಚ ಕುಂಟುತ್ತದೆ. ಅಡಿಗೆ ತೆಂಗಿನ ಚಿಪ್ಪು ಇಟ್ಟಿದ್ದೇವೆ.

ಇಷ್ಟು ತಗ್ಗಾದರೆ ಹಾವಿಗೇನು ಕಷ್ಟ, ಹತ್ತೀತು ಎಂದೆ. ಪರದೆ ಯಾಕಿದೆ, ಸುತ್ತ ಸಿಕ್ಕಿಸಬೇಕು ಅಷ್ಟೂ ಗೊತ್ತಿಲ್ವಾ ನರ್ಸಮ್ಮನಿಗೆ ಎಂದರು. ಹೊಸ ಪರದೆ, ಹರಿದಿಲ್ಲ.

ಜನವರಿ 10, ಹುಣ್ಣಿಮೆ, ರಾತ್ರಿ 9

ವಿಹಾರದಲ್ಲಿ ಇವತ್ತು ಅತ್ತೆಯದೇ ಉಪನ್ಯಾಸ. ಶೀಲ ತೆಗೆದುಕೊಂಡ ಮುದುಕಿಯರನ್ನೆಲ್ಲ ಸುತ್ತ ಕೂರಿಸಿಕೊಂಡು ಚಾಪೆ ಬೇಡ, ತಗ್ಗು ಮಂಚ, ಪರದೆ, ಟಾರ್ಚ್, ಬೆಳಗಿನ ಜಾವ ಹೊಟ್ಟೆನೋವು ಬಂದರೆ ಕಷಾಯ ಅಲ್ಲ, ಆಸ್ಪತ್ರೆ ಎಂದು ಹೇಳಿದರಂತೆ. ಎಲ್ಲ ತಮ್ಮದೇ ಶೋಧ ಎನ್ನುವ ಹಾಗೆ. ನಾಲ್ವರು ಮಂಚದ ಕಾಲು ಕೊಯ್ಯಿಸುತ್ತಾರಂತೆ. ಹೇಳಿಕೊಳ್ಳಲಿ. ನನ್ನ ಹೊಟ್ಟೆ ತಣ್ಣಗಿದೆ.

ತಾವು ಮಲಗುವ ಮೊದಲು ದಿನಾ ನನ್ನ ಕೋಣೆಗೆ ಬರುತ್ತಾರೆ. ನನ್ನ ಪರದೆಯ ಅಂಚು ಸುತ್ತಲೂ ತಾವೇ ಸಿಕ್ಕಿಸಬೇಕು, ಬೇರೆ ಯಾರದೂ ನಂಬಿಕೆಯಿಲ್ಲ. ಕೊನೆಗೆ ಟಾರ್ಚ್ ಹಿಡಿದು ನನ್ನ ಮುಖ ನೋಡುತ್ತಾರೆ. ರೆಪ್ಪೆ ನೋಡುವುದು. ನನಗೂ ಅಭ್ಯಾಸವಾಗಿದೆ, ಕಣ್ಣು ಅಗಲ ಮಾಡಿ ತೋರಿಸುತ್ತೇನೆ. ಆಗ ಹೋಗುತ್ತಾರೆ.

ಇಗೋ, ಬಂದರು. ಪುಸ್ತಕ ಮುಚ್ಚು, ಕೈ ಒಳಗೆ ತಗೋ, ಪರದೆ ಸಿಕ್ಕಿಸಬೇಕು ಎನ್ನುತ್ತಿದ್ದಾರೆ. ಒಂದೇ ಸಾಲು ಅಮ್ಮಾ ಎಂದೆ. ನಾಳೆ ಬರಿ, ನಾಳೆನೂ ಇರ್ತೀಯಲ್ಲ ಎಂದರು. ಟಾರ್ಚ್ ನೇರ ಕಣ್ಣಿಗೇ —