ನಿನ್ನ ಮೈಕಿನ ಮುಂದೆ ಅಮ್ಮ

ಭಾನುವಾರ, ಮಾರ್ಚ್ ೯

ಪ್ರೀತಿಯ ಗುಡುಗಪ್ಪಾ,

ಹೇಗಿದ್ದೀಯೋ? ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವುದು ನಿಂತಿತೇ? ಕಾಗದ ತಡವಾಯಿತು, ಬೈಯಬೇಡ. ವೃದ್ಧಾಶ್ರಮದವರು ಒಂದೇ ಸಲಕ್ಕೆ ಇಡೀ ಆಶ್ರಮದ ಬಾಯಿಗೆ ಹಲ್ಲು ಮಾಡಲು ಕೊಟ್ಟಿದ್ದರು. ಲ್ಯಾಬಿನ ತುಂಬ ಪ್ಲಾಸ್ಟರಿನ ವಸಡುಗಳೇ ವಸಡುಗಳು, ಎಲ್ಲಿ ನೋಡಿದರೂ ಯಾರೋ ಬಾಯಿ ಬಿಟ್ಟುಕೊಂಡು ಕೂತ ಹಾಗೆ. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಂಟಲು ಹರಿಯುವಂಥ ಮೆಟಲ್‌ಕೋರ್ ಹಾಡು ಹಾಕಿಕೊಂಡು, ಆ ತಾಳಕ್ಕೇ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾ ಹೋದೆ. ಒಂದು ಹಾಡು ಎಷ್ಟು ಚೆನ್ನಾಗಿತ್ತೆಂದರೆ, ಒಬ್ಬ ಅಜ್ಜನಿಗೆ ಎರಡೂ ಬದಿಗೆ ಎಡಗಡೆಯ ಕೋರೆಹಲ್ಲೇ ಕೂತುಬಿಟ್ಟಿತು. ಲ್ಯಾಬಿನ ಯಜಮಾನರು ಅದನ್ನು ಬೆಳಕಿಗೆ ಹಿಡಿದು, "ಏನಮ್ಮಾ, ಈ ಅಜ್ಜ ಇನ್ಮೇಲೆ ಒಂದೇ ಕಡೆ ನಗಬೇಕಾ?" ಎಂದರು. ಬಿಚ್ಚಿ ಮತ್ತೆ ಕೂರಿಸಿದೆ.

ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು "ಹೂಂ", "ಆಯ್ತು", "ಸರಿ" ಈ ಮೂರರಲ್ಲೇ ಸಂಸಾರ ನಡೆಸುತ್ತೀಯ. ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ಮುಂದಿನ ತಿಂಗಳು ನಿನ್ನ ಕರಾರು ಮುಗಿಯುತ್ತದೆ, ಮತ್ತೆ ಎರಡು ವರ್ಷಕ್ಕೆ ಸಹಿ ಹಾಕುತ್ತೇನೆ ಎಂದು ಹೋದ ವಾರ ಮೆಲ್ಲಗೆ ಅಂದು ಫೋನ್ ಇಟ್ಟೆಯಲ್ಲ, ನಾನು ಅದನ್ನು ಕೇಳಿಸಿಕೊಂಡಿದ್ದೇನೆ. ಸಹಿ ಹಾಕಬೇಡ ಎಂದು ಹೇಳುವುದಕ್ಕೇ ಈ ಕಾಗದ. ನೀನು ಮೈಕು ಕೆಳಗಿಟ್ಟು ಯಾಕೆ ಹಡಗು ಹತ್ತಿದೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತು, ಅದನ್ನು ಇಲ್ಲಿ ಕೆದಕುವುದಿಲ್ಲ. ಆದರೆ ಒಂದು ಮಾತು. ಗದ್ದಲವೇ ಬೇಡ ಎಂದು ಹೋದವನು ಹೋಗಿ ಸೇರಿದ್ದು ಇಂಜಿನ್ ಕೋಣೆಗೆ! ಅದಕ್ಕಿಂತ ನಿನ್ನ ಬ್ಯಾಂಡಿನ ಗೆಳೆಯ ಡಬ್ಬನ ಡ್ರಮ್ಸೇ ವಾಸಿಯಿತ್ತಲ್ಲೋ.

ಈಗ ಸುದ್ದಿಗೆ ಬರುತ್ತೇನೆ. ಕೂತು ಓದು, ನಿಂತು ಓದಿದರೆ ಬೀಳುತ್ತೀಯ. ನಿನ್ನೆ ನಿನ್ನ ಅಮ್ಮ ನಮ್ಮ ಹಾರ್ಡ್‌ಕೋರ್ ಬ್ಯಾಂಡುಗಳ ಶೋಗೆ ಬಂದಿದ್ದರು.

ನಿನ್ನ ಬ್ಯಾಂಡೂ ಸೇರಿ ನಾಲ್ಕು ಬ್ಯಾಂಡುಗಳು ಇದ್ದವು. ಹಳೇ ಅಭ್ಯಾಸ, ನಾನು ಎರಡು ಟಿಕೆಟ್ ತೆಗೆದುಬಿಟ್ಟಿದ್ದೆ. ಎರಡನೆಯದನ್ನು ಯಾರಿಗೆ ಕೊಡುವುದು ಎಂದು ಯೋಚಿಸುತ್ತಾ ಮೇಜಿನ ಮೇಲಿಟ್ಟಿದ್ದರೆ, ಅತ್ತೆ ಕನ್ನಡಕ ಹಾಕಿಕೊಂಡು ಓದಿ, "ಸುಮ್ನೆ ಯಾಕೆ ಹಾಳು ಮಾಡ್ತೀಯ, ನಾನೇ ಬರ್ತೀನಿ" ಎಂದರು.

"ಅತ್ತೆ, ಅಲ್ಲಿ ಕೂತ್ಕೊಳ್ಳೋಕೆ ಕುರ್ಚೀನೇ ಇರಲ್ಲ."

"ಮೂವತ್ತು ವರ್ಷ ಶಾಲೆ ಮೈದಾನದಲ್ಲಿ ಬಿಸಿಲಲ್ಲಿ ನಿಂತೋಳು ನಾನು. ಯಾವತ್ತಾದ್ರೂ ಕುರ್ಚಿ ಕೇಳಿದೀನಾ?"

ಡ್ರಿಲ್ ಮೇಡಂ ಮುಂದೆ ನನ್ನ ಆಟ ನಡೆಯುತ್ತದೆಯೇ? ಹೊರಡುವಾಗ ನೋಡಿದರೆ ನೀಲಿ ಟ್ರ್ಯಾಕ್ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಆ ಹಿತ್ತಾಳೆ ವಿಸಿಲ್. ವಿಸಿಲ್ ಯಾಕೆ ಅತ್ತೆ ಅಂದರೆ, "ಜನ ಸೇರೋ ಕಡೆ ಒಂದು ಇರ್ಬೇಕು ಕಣೇ" ಎಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಕೂತಿದ್ದರು. ವಾಂತಿ ಬರುತ್ತಿದೆಯೇನೋ ಎಂದು ನಾನು ಕಿಟಕಿ ತೆರೆದುಕೊಟ್ಟೆ.

ಶೋ ನಡೆದದ್ದು ಶಟಲ್ ಆಡುವ ಒಳಾಂಗಣದಲ್ಲಿ. ಅಕ್ಕಪಕ್ಕದವರು ತಕರಾರು ಮಾಡುತ್ತಾರೆಂದು ಮಧ್ಯಾಹ್ನ ನಾಲ್ಕಕ್ಕೇ ಶುರು. ಬಾಗಿಲಲ್ಲಿ ಕೈಗೆ ಮುದ್ರೆ ಒತ್ತುವವನು ಆರಡಿ ಮೀರಿದ ಮನುಷ್ಯ, ಮೂಗು, ಹುಬ್ಬು, ತುಟಿ ಎಲ್ಲ ಕಡೆ ರಿಂಗು. ಅತ್ತೆ ಅವನ ಮುಖವನ್ನೇ ನೋಡಿ, "ಅಲ್ಲಪ್ಪಾ, ಮೂಗಿಗೆ ಇಷ್ಟೊಂದು ಹಾಕ್ಕೊಂಡಿದೀಯಲ್ಲ, ನೆಗಡಿ ಆದ್ರೆ ಏನ್ ಮಾಡ್ತೀಯ?" ಎಂದು ಕೇಳಿದರು. ಅವನು ಪಾಪ, ಗಂಭೀರವಾಗಿ ಯೋಚಿಸಿ, "ತುಂಬಾ ಕಷ್ಟ ಆಂಟಿ" ಎಂದ. ಅಲ್ಲಿಂದಾಚೆಗೆ ಸಂಜೆಯವರೆಗೂ ಅವನು ಅತ್ತೆಯ ಅಂಗರಕ್ಷಕನ ಹಾಗೆ ಹಿಂದೆಯೇ ಇದ್ದ.

ಮೊದಲ ಬ್ಯಾಂಡಿನವರು ಗಿಟಾರಿಗೆ ಕೈ ಹಾಕಿದ ಕೂಡಲೇ ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕಿವಿಗೆ ಮೊದಲೇ ಸ್ಪಂಜು ತುರುಕಿದ್ದೆ, ಆದರೂ ಆ ಸದ್ದು ಕಿವಿಯಿಂದ ಮಾತ್ರ ಬರುವುದಲ್ಲವಲ್ಲ, ಅಂಗಾಲಿನಿಂದ ಹತ್ತಿ ಪಕ್ಕೆಲುಬಿಗೆ ಬಂದು ಕೂರುತ್ತದೆ. ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇದು ಹಾಡಾ ಜಗಳಾನಾ?" ಎಂದು ಕೂಗಿದರು.

"ಎರಡೂ ಅತ್ತೆ!"

"ಯಾರ ಮೇಲೆ?"

ಇಷ್ಟು ವರ್ಷದಿಂದ ಈ ಸಂಗೀತಕ್ಕೆ ಮರುಳಾಗಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಯಾರ್ಯಾರಿಗೆ ಯಾರ ಮೇಲಿದೆಯೋ ಅವರ ಮೇಲೆ" ಎಂದೆ. ಅತ್ತೆ ತಲೆಯಾಡಿಸಿ ವೇದಿಕೆಯ ಕಡೆ ತಿರುಗಿದರು.

ಎರಡನೆಯ ಬ್ಯಾಂಡಿನ ಹೊತ್ತಿಗೆ ಜನ ಹಿಂದೆ ಸರಿದು, ನಡುವೆ ಕುಣಿದಾಡಲು ಪಿಟ್ ತೆರೆದುಕೊಂಡಿತು. ನಿನಗೆ ಗೊತ್ತಲ್ಲ, ನಮ್ಮವರು ಹುಚ್ಚು ಹಿಡಿದ ಹಾಗೆ ಸುತ್ತ ಓಡಲು ಶುರು ಮಾಡಿದರು. ಅತ್ತೆ ನೋಡಿದರು, ನೋಡಿದರು, ಮುಖ ಕೆಂಪಾಯಿತು. ಇದನ್ನೆಲ್ಲ ನೋಡಿ ಸಿಟ್ಟು ಬಂತು, ಇನ್ನು ಮನೆಗೆ ಹೋಗೋಣ ಅನ್ನುತ್ತಾರೆ ಎಂದು ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಅಷ್ಟರಲ್ಲಿ ಹಾಡು ಮುಗಿದು ಮುಂದಿನದ್ದು ಶುರುವಾಗುವ ಸಂದಿಯಲ್ಲಿ ಫ್ರೀಂ ಎಂದು ವಿಸಿಲ್! ಇಡೀ ಸಭೆ ಗಪ್‌ಚಿಪ್. ಅತ್ತೆ ವೃತ್ತದ ನಡುವೆ ಹೋಗಿ ನಿಂತು, "ಎಲ್ಲಾ ತಿರುಗಾ ಮುರುಗಾ ಓಡ್ತಿದೀರಿ! ಎಡಗೈ ಒಳಗಡೆ ಇರ್ಬೇಕು. ಯಾರು ಕಲಿಸಿದ್ದು ನಿಮಗೆ ಓಡೋದು?" ಎಂದು ಕೈ ಬೀಸಿ ದಿಕ್ಕು ತೋರಿಸಿದರು.

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆದರೆ ಕಪ್ಪು ಅಂಗಿಯ ಆ ಗಡ್ಡದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏಳನೇ ಕ್ಲಾಸಿನ ಮಕ್ಕಳ ಹಾಗೆ ತಿರುಗಿ ನಿಂತರು. ಅತ್ತೆ ಇನ್ನೊಮ್ಮೆ ಊದಿದರು. ಡ್ರಮ್ಸ್ ಬಿತ್ತು. ಎಲ್ಲರ ಎಡಗೈಯೂ ಒಳಗಡೆ! ಆ ಸುತ್ತಿನಷ್ಟು ಅಚ್ಚುಕಟ್ಟಾದ ಪಿಟ್ ನಾನು ಜನ್ಮದಲ್ಲಿ ನೋಡಿಲ್ಲ. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು.

ಆಮೇಲೆ ಒಬ್ಬ ದಪ್ಪನೆಯವನು ಜಾರಿ ದೊಪ್ಪನೆ ಬಿದ್ದ. ಸುತ್ತಲಿನವರು ತಕ್ಷಣ ಕೈ ಅಗಲಿಸಿ ನಿಂತು, ನಾಲ್ಕು ಜನ ಸೇರಿ ಅವನನ್ನು ಎತ್ತಿ, ಬೆನ್ನು ತಟ್ಟಿ ಮತ್ತೆ ಓಟಕ್ಕೆ ಬಿಟ್ಟರು. ಇನ್ನೊಬ್ಬ ಅವನ ಬಿದ್ದುಹೋದ ಶೂ ತಲೆಯ ಮೇಲೆತ್ತಿ "ಯಾರದ್ದು, ಯಾರದ್ದು" ಎಂದು ಕೂಗುತ್ತಿದ್ದ. ಅತ್ತೆ ನನ್ನ ಕಡೆ ತಿರುಗಿ, "ಬಿದ್ದೋನನ್ನ ಎತ್ತಬೇಕು ಅಂತ ಇವರಿಗೆ ಯಾರು ಹೇಳಿದ್ದು?" ಎಂದು ಕೇಳಿದರು. ಯಾರೂ ಹೇಳಿಕೊಡಲ್ಲ ಅತ್ತೆ, ಇಲ್ಲಿ ಇದೇ ಪದ್ಧತಿ ಎಂದೆ. "ನಾನು ಮೂವತ್ತು ವರ್ಷ ಹೇಳಿಕೊಟ್ಟೆ ಕಣೇ. ಒಬ್ಬ ಬಿದ್ರೆ ಉಳಿದೋರು ಅವನ ಮೇಲೇ ಹಾರಿ ಹೋಗೋರು" ಎಂದರು. ನಾವಿಬ್ಬರೂ ಭೇಟಿಯಾದದ್ದೇ ಹಾಗೆ ಎಂದು ಅವರಿಗೆ ಆಗಲೇ ಹೇಳಿದೆ ನೋಡು. ನಾನು ಬಿದ್ದಿದ್ದೆ, ನೀನು ಕಂಕುಳಿಗೆ ಕೈ ಹಾಕಿ ಎತ್ತಿ, ಹೆಸರೂ ಕೇಳದೆ ಮತ್ತೆ ಗುಂಪಿಗೆ ತಳ್ಳಿದೆ. ಇಂಥವನೇ ಸರಿ ನನಗೆ ಎಂದು ಅವತ್ತೇ ಅಂದುಕೊಂಡಿದ್ದೆ. ಅತ್ತೆಗೆ ನಾವು ಹೇಳಿದ್ದು ಗ್ರಂಥಾಲಯದಲ್ಲಿ ಸಿಕ್ಕೆವು ಅಂತ ತಾನೇ? "ಆ ಗ್ರಂಥಾಲಯದ ಕಥೆ ನಾನು ಒಂದು ದಿನಾನೂ ನಂಬಿರ್ಲಿಲ್ಲ, ಅವನು ಪುಸ್ತಕ ಮುಟ್ಟಿದ್ದು ಯಾವಾಗ?" ಎಂದರು.

ಕೊನೆಗೆ ನಮ್ಮ ಬ್ಯಾಂಡು.

ಡಬ್ಬ ಡ್ರಮ್ಸಿನ ಹಿಂದೆ ಕೂತ, ಅವನ ಜೋಡಿ ತಂತಿ ಮುಂದೆ ಬಂದು ಗಿಟಾರ್ ಹಿಡಿದ. ನಿನ್ನ ಜಾಗದಲ್ಲಿ ಸ್ಟ್ಯಾಂಡಿಗೆ ಮೈಕು ಸಿಕ್ಕಿಸಿ ಖಾಲಿ ಬಿಟ್ಟಿದ್ದರು. ನೀನು ಹೋದಾಗಿನಿಂದ ಹಾಗೇ ಮಾಡುತ್ತಾರೆ. ಡಬ್ಬ ಎದ್ದು ನಿಂತು, "ನಮ್ಮ ಗಂಟಲು ಸಮುದ್ರದ ಮೇಲಿದೆ. ಇವತ್ತೂ ನೀವೇ ಗಂಟಲು!" ಎಂದ. ಆಮೇಲೆ ಏನಾಯಿತು ಎಂದು ನಿನಗೆ ಹೇಗೆ ಹೇಳಲಿ? ನೀನು ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಬರೆದ ಸಾಲನ್ನು ಇನ್ನೂರು ಜನ ಕತ್ತಿನ ನರ ಉಬ್ಬಿಸಿಕೊಂಡು ಕೂಗಿದರು. "ನೆಲ ಯಾರದ್ದೇ ಆಗಲಿ, ನಿಂತ ಕಾಲು ನನ್ನದು!" ಒಬ್ಬರೂ ಒಂದು ಅಕ್ಷರ ತಪ್ಪಲಿಲ್ಲ. ಪಕ್ಕದ ಹುಡುಗಿಯೊಬ್ಬಳ ತೋಳಿನ ಮೇಲೆ ಆ ಸಾಲಿನ ಹಚ್ಚೆ ಇತ್ತು. ನಾನು ಅದನ್ನು ಅತ್ತೆಗೆ ತೋರಿಸಿದೆ. ಅವರು ಆ ಹುಡುಗಿಯ ತೋಳು ಹಿಡಿದುಕೊಂಡು, ಬೆರಳಿಟ್ಟು ಒಂದೊಂದೇ ಪದ ಓದಿದರು. "ಇದು ನನ್ನ ಮಗ ಬರೆದಿದ್ದು" ಎಂದು ಆ ಹುಡುಗಿಗೆ ಹೇಳಿದರು. ಅಷ್ಟು ಸಾಕಾಯಿತು. ಆ ಹುಡುಗಿ ಕಿರುಚಿ ಅವರನ್ನು ತಬ್ಬಿಕೊಂಡು, ಸುದ್ದಿ ಬಾಯಿಂದ ಬಾಯಿಗೆ ಹೋಗಿ, ನೋಡನೋಡುತ್ತಿದ್ದಂತೆ ರಿಂಗಿನವನು ಅತ್ತೆಯನ್ನು ಅನಾಮತ್ತಾಗಿ ಎತ್ತಿ ವೇದಿಕೆಯ ಮೇಲೆ ಇಳಿಸಿಬಿಟ್ಟ.

ಬ್ರೇಕ್‌ಡೌನ್ ಬರುವ ಹೊತ್ತು. ಓಡುತ್ತಿದ್ದ ಹಾಡು ಒಮ್ಮೆಲೇ ವೇಗ ಇಳಿಸಿ, ಹೆಜ್ಜೆ ಊರಿ ಊರಿ ಬರುತ್ತದಲ್ಲ, ಆ ಜಾಗ. ಅತ್ತೆ ಮೈಕಿನ ಮುಂದೆ ನಿಂತಿದ್ದಾರೆ. ನಿನ್ನ ಸಾಲು ಅವರಿಗೆ ಬಾಯಿಗೆ ಬರುವುದಿಲ್ಲ. ಆದರೆ ತಾಳ ಬಿಡಲು ಅವರಿಗೆ ಆಗಬೇಕಲ್ಲ? ಕಾಲು ಅಗಲಿಸಿ, ಎದೆ ಮುಂದೆ ಮಾಡಿ, ಹೊಟ್ಟೆಯ ಬುಡದಿಂದ, "ಒಂದ್! ಎರಡ್! ಮೂರ್! ನಾಕ್!"

ಅಯ್ಯೋ ಮಾರಾಯ! ಒಂದೊಂದು ಅಂಕಿಯೂ ಡಬ್ಬನ ಏಟಿನ ಮೇಲೇ ಬಿತ್ತು. ಸಭೆಯೆಲ್ಲ ಸೇರಿಕೊಂಡಿತು. ಇನ್ನೂರು ಜನ ಡ್ರಿಲ್ ಎಣಿಸುತ್ತಾ ನೆಗೆಯುತ್ತಿದ್ದಾರೆ, ತಂತಿ ನಗು ತಡೆಯಲಾರದೆ ಎಲ್ಲೆಲ್ಲೋ ಬಾರಿಸುತ್ತಿದ್ದಾನೆ, ಅತ್ತೆಯ ಜಡೆ ಬಿಚ್ಚಿ ಹೋಗಿದೆ. ನಿನಗೆ ಆ ಗಂಟಲು ಎಲ್ಲಿಂದ ಬಂತೆಂದು ನನಗೆ ಈಗ ಗೊತ್ತಾಯಿತು. ನನಗೆ ಖುಷಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ, ನಾನೂ ನೆಗೆಯುತ್ತಿದ್ದೆ. ಎಷ್ಟೋ ತಿಂಗಳ ನಂತರ ನನ್ನ ಮೈ ನನ್ನದೇ ಅನ್ನಿಸಿತು ಕಣೋ.

ಮುಗಿದ ಮೇಲೆ ಡಬ್ಬ ಬೆವರು ಒರೆಸಿಕೊಳ್ಳುತ್ತಾ ಬಂದ. ಜೂನ್‌ನಲ್ಲಿ ರೆಕಾರ್ಡಿಂಗ್ ಇದೆಯಂತೆ. ನೀನು ಬರುತ್ತೀಯ ಎಂದರೆ ಕಾಯುತ್ತಾರೆ, ಇಲ್ಲವಾದರೆ ತಂತಿಯ ಭಾಮೈದ ಹಾಡುತ್ತಾನೆ. "ಅತ್ತಿಗೆ, ಅವನು ಪರವಾಗಿಲ್ಲ, ಆದ್ರೆ ಕೆಮ್ಮು ಬಂದವನ ಥರ ಹಾಡ್ತಾನೆ" ಎಂದು ಪಿಸುಗುಟ್ಟಿದ. ಬರುತ್ತಾನೋ ಇಲ್ಲವೋ ಅಷ್ಟು ಮಾತ್ರ ಕೇಳಿ ಹೇಳಿ ಎಂದ. ಕೇಳುತ್ತಿದ್ದೇನೆ. ಒತ್ತಾಯ ಮಾಡುವುದಿಲ್ಲ ಎಂದು ಬರೆಯಬೇಕು ಅಂದುಕೊಂಡಿದ್ದೆ, ಆದರೆ ಸುಳ್ಳು ಯಾಕೆ, ಒತ್ತಾಯವೇ ಮಾಡುತ್ತಿದ್ದೇನೆ. ನೀನಿಲ್ಲದೆ ನನಗೆ ಆಗುವುದಿಲ್ಲ.

ಇವತ್ತು ಅತ್ತೆಗೆ ಗಂಟಲು ಪೂರ್ತಿ ಕಟ್ಟಿದೆ. ಉಪ್ಪುನೀರು ಮುಕ್ಕಳಿಸುತ್ತಾ ಕೈಸನ್ನೆಯಲ್ಲೇ ನನಗೆ ಕೆಲಸ ಹೇಳುತ್ತಿದ್ದಾರೆ. ನಿನಗೆ ಅವರ ಆಶೀರ್ವಾದಗಳು. ಹೊತ್ತು ಹೊತ್ತಿಗೆ ಊಟ ಮಾಡು, ಇಂಜಿನ್ ಹತ್ತಿರ ಹೋಗುವಾಗ ಕಿವಿ ಮುಚ್ಚಿಕೋ, ಆ ಕಿವಿಗಳು ನಮಗೆ ಬೇಕು.

ನಿನ್ನ,
ಹಲ್ಲುರಾಣಿ

ತಾ.ಕ. ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಅತ್ತೆ ಬಂದು ಎದುರಿಗೆ ಕೂತರು. ದನಿ ಇಲ್ಲ, ಬರೀ ಉಸಿರಲ್ಲಿ ಮಾತಾಡಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಆಸ್ಪತ್ರೇಲಿ ಅವತ್ತು, 'ನಿನ್ನ ಆ ಕೂಗಾಟಕ್ಕೇ ಹೆದರಿ ಕೂಸು ಹೊಟ್ಟೇಲೇ ಹೋಯ್ತು' ಅಂತ ಅವನಿಗೆ ಅಂದೋಳು ನಾನು. ಸಂಕಟದಲ್ಲಿ ಬಾಯಿಗೆ ಬಂತು. ಅವನ ಮುಖ ನೋಡಿದ ತಕ್ಷಣ ತಪ್ಪಾಯ್ತು ಅಂತ ಗೊತ್ತಾಯ್ತು, ಆದ್ರೂ ವಾಪಸ್ ತಗೊಳ್ಳೋಕೆ ನಾಲಿಗೆ ಬರ್ಲಿಲ್ಲ. ಆ ಕೂಗಾಟ ಏನು ಅಂತ ಒಂದ್ಸಲ ನೋಡ್ಬೇಕು ಅಂತಾನೇ ನಿನ್ನೆ ನಿನ್ನ ಜೊತೆ ಬಂದೆ. ಅದರಲ್ಲಿ ಕೂಸು ಹೆದರೋ ಅಂಥದ್ದು ಏನೂ ಇಲ್ಲ. ಅಮ್ಮ ತಪ್ಪು ಮಾತಾಡಿದ್ಲು ಅಂತ ಬರಿ."

ಬರೆದಿದ್ದೇನೆ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು ಎಂದು ಡಾಕ್ಟರು ನಿನ್ನ ಮುಂದೆಯೇ ಹೇಳಿದ್ದರು. ನೀನು ಮಾತ್ರ ಅವರನ್ನು ಬಿಟ್ಟು ಅಮ್ಮನನ್ನು ನಂಬಿದೆ.

ಇನ್ನು ಇದು ನನ್ನ ಮಾತು. ಹುಟ್ಟಿದ ಮೇಲೆ, ಅವಳನ್ನು ನಿನ್ನ ಕೈಗೆ ಕೊಡುತ್ತಾ ಹೇಳೋಣ ಎಂದು ಇಟ್ಟುಕೊಂಡಿದ್ದೆ, ಆಮೇಲೆ ಬಾಯಿ ಬರಲಿಲ್ಲ. ನೀನು ಅಡುಗೆಮನೆಯಲ್ಲಿ ಹಾಡು ಅಭ್ಯಾಸ ಮಾಡುವಾಗ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ನೀನು ಕೂಗುವಷ್ಟು ಹೊತ್ತು ಅವಳು ಸುಮ್ಮನೆ ಇರುತ್ತಿದ್ದಳು. ನೀನು ನೀರು ಕುಡಿಯಲು ನಿಲ್ಲಿಸಿದೆಯೋ, ಒದೆಯಲು ಶುರು. ಮತ್ತೆ ಹಾಡುವವರೆಗೂ ಒದೆಯುತ್ತಿದ್ದಳು. ಅವಳು ಸಿಟ್ಟಾಗುತ್ತಿದ್ದದ್ದು ನೀನು ನಿಲ್ಲಿಸಿದಾಗ ಮಾತ್ರ.